ಮೃಗಾಲಯಕ್ಕೆ ಹೋಗಿಬಂದುದು

ಮಕ್ಕಳಿರುವ ಮನೆಯಲ್ಲಿ ಯಾರಾದರೊಬ್ಬರ ಹೆಸರು ಹೇಳಿ ಹೆದರಿಸದೆ ತುತ್ತು ಅನ್ನವನ್ನು ಇಳಿಸುವುದು ಎಲ್ಲ ತಾಯಂದಿರಿಗೂ ಸಾಧ್ಯವಾಗುವ ಕೆಲಸವಲ್ಲ. ಕೆಲವರ ಮನೆಯಲ್ಲಿ ಗುಮ್ಮ, ಕೆಲವರಲ್ಲಿ ಪೊಲೀಸಿನವನು; ನಮ್ಮ ಮನೆಯಲ್ಲಿ ಕರಡಿ. ನಮ್ಮ ಪುಟ್ಟಿಗೆ ಈಗ ನಾಲ್ಕು ವರುಷ. ಉಣ್ಣುವುದರಲ್ಲಿ ಅವಳಷ್ಟು ಹಟಮಾರಿಯನ್ನು ನಾನು ಕಂಡಿಲ್ಲ. ಒಂದು ದಿನ ಒಲೆಯ ಮೇಲೆ ಹಾಲು ಉಕ್ಕುತ್ತಿದ್ದಿತು, ಬಾಗಿಲಲ್ಲಿ ಯಾರೋ ಕೂಗುತ್ತಿದ್ದರು, ಇವಳು ಬಾಯಿ ಬಿಗಿದುಕೊಂಡು ಕುಳಿತಿದ್ದಳು. ಆ ಗಡಿಬಿಡಿಯಲ್ಲಿ, “ಉಣ್ಣದಿದ್ದರೆ ದರೋಜಿಯ ಕರಡಿ ಬಂದು ಎತ್ತಿಕೊಂಡು ಹೋಗುತ್ತದೆ, ನೋಡು” ಎಂದುಬಿಟ್ಟೆ. ತುತ್ತು ಇಳಿಯಿತು. ಮರುದಿನವೂ ಅದೇ ಮಾತು, ಅದೇ ಫಲ. ಆದರೆ ಎಂಟು ದಿನ ಕಳೆಯುವುದರೊಳಗೆ ಮಗು ನಡುರಾತ್ರಿಯಲ್ಲಿ ಬೆಚ್ಚಿಬಿದ್ದು ಅಳಲಾರಂಭಿಸಿದಳು. ಹಗಲು ನಾನು ಬಿತ್ತಿದುದನ್ನು ಮನೆಯವರೆಲ್ಲರೂ ರಾತ್ರಿ ಕೊಯ್ಯಬೇಕಾಯಿತು.

ಅತ್ತೆಯವರ ತವರು ಕಂಪ್ಲಿ. ಅವರ ಪೆಟ್ಟಿಗೆಯಲ್ಲಿ ಒಂದು ತಾಮ್ರದ ತಾಯಿತವಿರುವುದು. ಅದರೊಳಗೆ ಕರಡಿಯ ಕೂದಲು. ಅವರು ಐದಾರು ವರುಷದ ಹುಡುಗಿಯಾಗಿದ್ದಾಗ, ಎಂದರೆ 1960ರ ಆಚೀಚೆ, ಕರಡಿ ಆಡಿಸುವ ಖಲಂದರರು ಕಂಪ್ಲಿಯ ಬೀದಿಗಳಿಗೆ ಬರುತ್ತಿದ್ದರಂತೆ. ಹೆದರುಪುಕ್ಕಲು ಮಕ್ಕಳನ್ನು ಕರಡಿಯ ಬೆನ್ನ ಮೇಲೆ ಕೂರಿಸಿ ನಾಲ್ಕು ಹೆಜ್ಜೆ ನಡೆಯಿಸುವುದೂ, ಅದರ ಮೈಯಿಂದ ಎರಡು ಕೂದಲು ಕಿತ್ತು ತಾಯಿತಕ್ಕೆ ಕೊಡುವುದೂ ಆಗ ಎಲ್ಲೆಲ್ಲಿಯೂ ನಡೆಯುತ್ತಿದ್ದ ವಾಡಿಕೆ. ಅತ್ತೆಯವರಿಗೂ ಹಾಗೆಯೇ ಮಾಡಿಸಿದ್ದರು. “ಅಂದಿನಿಂದ ನನಗೆ ಭಯವೆಂಬುದೇ ತಿಳಿಯದು” ಎಂದು ಅವರು ಹೇಳುತ್ತಾರೆ; ಅವರನ್ನು ಬಲ್ಲವರು ಯಾರೂ ಆ ಮಾತನ್ನು ಅಲ್ಲಗಳೆಯಲಾರರು. ಆ ತಾಯಿತವನ್ನು ಪುಟ್ಟಿಯ ತೋಳಿಗೆ ಕಟ್ಟಬೇಕೆಂದು ಅವರು, ಅದೆಲ್ಲ ಬೇಡವೆಂದು ನಾನು. ಮಾತು ಬೆಳೆಯಲಿಲ್ಲ, ಆದರೆ ಎರಡು ದಿನ ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು ಮಾತ್ರ ಕೊಂಚ ಹೆಚ್ಚಾಗಿದ್ದಿತು.

ಇಂತಹ ಸಂದರ್ಭಗಳಲ್ಲಿ ಗಂಡಸರು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುವುದು ವಾಡಿಕೆಯಷ್ಟೆ. ನಮ್ಮವರು ಅದನ್ನು ಮಡಿಸಿಟ್ಟು, “ಕಾಣದ ಕರಡಿಗೆ ಹೆದರುವುದಕ್ಕಿಂತ ಕಂಡ ಕರಡಿಗೆ ಹೆದರುವುದು ಮೇಲು. ಕಮಲಾಪುರದ ಮೃಗಾಲಯವನ್ನು ನಾವಾರೂ ನೋಡಿಲ್ಲ, ದರೋಜಿಯ ಕಾಡೂ ಅದರ ನೆರೆಯಲ್ಲಿಯೇ ಇದೆ. ಎಲ್ಲರೂ ಒಂದು ದಿನ ಹೋಗಿಬರೋಣ” ಎಂದರು. ಹೊರಡುವ ಮುನ್ನ ತಾಯಿತವನ್ನು ಕಟ್ಟುವುದಾದರೆ ತಾನೂ ಬರುವೆನೆಂದು ಅತ್ತೆಯವರು ಹೇಳಿದರು. ನಾನು ಒಪ್ಪಿದೆನು. ಕಾರಹುಣ್ಣಿಮೆ ಕಳೆದ ಮುಂದಿನ ವಾರ, ಒಂದು ಬೆಳಗಿನ ಜಾವ ಎದ್ದು ರೊಟ್ಟಿ ಬಡಿದು, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನಗಳನ್ನು ಕಟ್ಟಿಕೊಂಡು, ಬಾಡಿಗೆಯ ಮೋಟಾರಿನಲ್ಲಿ ಹೊರಟೆವು. ಪುಟ್ಟಿಯ ತೋಳಿನಲ್ಲಿ ತಾಯಿತವಿದ್ದಿತು.

ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ದಾರಿಯನ್ನು ಬಣ್ಣಿಸುವುದಕ್ಕೆ ನನಗಿಂತ ಸಮರ್ಥರು ಬೇಕು. ಒಂದು ಕಡೆ ಬಾಳೆಯ ತೋಟ, ಕಬ್ಬಿನ ಗದ್ದೆ, ವಿಜಯನಗರದ ಅರಸರ ಕಾಲದಿಂದಲೂ ಹರಿಯುತ್ತಿರುವ ಕಾಲುವೆಗಳು. ಇನ್ನೊಂದು ಕಡೆ, ಯಾರೋ ದೈತ್ಯ ಬಾಲಕರು ಆಟದ ನಡುವೆ ಬಿಟ್ಟು ಹೋದಂತೆ ಒಂದರ ಮೇಲೊಂದು ಪೇರಿಸಿದ ಬಂಡೆಗಳ ಗುಡ್ಡಗಳು. ಮೊದಲ ಮಳೆ ಬಿದ್ದು ಬಂಡೆಗಳ ಸಂದಿಯಲ್ಲೆಲ್ಲ ಹಸುರು ಮೂಡಿದ್ದಿತು. ಕಮಲಾಪುರದ ಹಳೆಯ ಕೆರೆಯ ಏರಿ ಕಾಣಿಸಿದಾಗ ಪುಟ್ಟಿಯು ನನ್ನ ಸೆರಗನ್ನು ಹಿಡಿದು, “ಕರಡಿಯ ಮನೆ ಬಂದಿತೇ?” ಎಂದಳು. ಅವಳ ಕೈ ತಣ್ಣಗಿದ್ದಿತು. ಬಾಯಲ್ಲಿ ಸುಲಭವಾಗಿ ಆಡಿದ ಮಾತು ಮಗುವಿನ ಎದೆಯಲ್ಲಿ ಎಷ್ಟು ಆಳಕ್ಕೆ ಇಳಿದಿದ್ದಿತೆಂಬುದು ಆ ತಣ್ಣನೆಯ ಕೈಯಿಂದ ನನಗೆ ತಿಳಿಯಿತು.

ಮೃಗಾಲಯವು ಕಮಲಾಪುರದ ಬಳಿ ಬಿಳಿಕಲ್ಲು ಕಾಡಿನಲ್ಲಿದೆ. ಅಟಲ್ ಬಿಹಾರಿ ವಾಜಪೇಯಿಯವರ ಹೆಸರನ್ನು ಇದಕ್ಕೆ ಇಟ್ಟಿರುವರು. 2010ರ ದಶಕದ ಕೊನೆಯ ವರುಷಗಳಲ್ಲಿ ಇದು ಜನರಿಗೆ ತೆರೆಯಿತು. ಬಳ್ಳಾರಿಯ ಚಿಕ್ಕ ಮೃಗಾಲಯದಲ್ಲಿದ್ದ ಪ್ರಾಣಿಗಳೂ ಇಲ್ಲಿಗೆ ಬಂದು ಸೇರಿದವು. ಕರ್ನಾಟಕ ಮೃಗಾಲಯ ಪ್ರಾಧಿಕಾರದವರು ಇದನ್ನು ನಡೆಯಿಸುತ್ತಾರೆ. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರು 1892ರಲ್ಲಿಯೇ ಮೃಗಾಲಯವನ್ನು ಸ್ಥಾಪಿಸಿದ್ದರಾದರೂ ನಮ್ಮ ಸೀಮೆಯವರಿಗೆ ಅದು ಎಟುಕುವ ದೂರದಲ್ಲಿರಲಿಲ್ಲ. ಹುಲಿಯನ್ನು ನೋಡಬೇಕೆಂದರೆ ರೈಲಿನಲ್ಲಿ ರಾತ್ರಿಯೆಲ್ಲ ಕುಳಿತು ಹೋಗಬೇಕಾಗಿದ್ದ ಕಾಲವನ್ನು ನಾನೂ ಬಲ್ಲೆ. ಈಗ ಬೆಳಿಗ್ಗೆ ರೊಟ್ಟಿ ಬಡಿದು ಹೊರಟು, ಬಿಸಿಲೇರುವುದರೊಳಗೆ ಹುಲಿಯ ಮುಂದೆ ನಿಲ್ಲಬಹುದು.

ಇಲ್ಲಿನ ವಿಶೇಷವೇನೆಂದರೆ ಪ್ರಾಣಿಗಳಲ್ಲಿ ಹಲವು ವಿಸ್ತಾರವಾದ ಬೇಲಿಯೊಳಗೆ ತಮ್ಮಿಚ್ಛೆಯಂತೆ ತಿರುಗಾಡಿಕೊಂಡಿರುತ್ತವೆ. ನಾವೇ ಕಿಟಕಿಗಳಿಗೆ ಜಾಲರಿ ಹಾಕಿದ ವಾಹನದಲ್ಲಿ ಕುಳಿತು ಅವುಗಳ ನಡುವೆ ಹೋಗಬೇಕು. ಅತ್ತೆಯವರು ಆ ಜಾಲರಿಯನ್ನು ಮುಟ್ಟಿ ನೋಡಿ, “ಪಂಜರದಲ್ಲಿರುವವರು ನಾವೇ ಆದೆವಲ್ಲ!” ಎಂದು ನಕ್ಕರು.

ಮೊದಲು ಕಂಡವು ಚುಕ್ಕೆ ಜಿಂಕೆಗಳು. ಕಡವೆಗಳು ಸ್ವಲ್ಪ ದೂರದಲ್ಲಿ ಮರದ ನೆರಳಿನಲ್ಲಿದ್ದವು. ನೀಲಗಾಯಿಯನ್ನು ಕಂಡು ಪುಟ್ಟಿಯು ಕುದುರೆಯೆಂದಳು, ನಮ್ಮವರು ಆಕಳೆಂದರು, ನಿಜವಾಗಿ ಅದು ಎರಡೂ ಅಲ್ಲದೆ ಹುಲ್ಲೆಯ ಜಾತಿಗೆ ಸೇರಿದುದು. ಜಿಂಕೆಗೂ ಹುಲ್ಲೆಗೂ ಇರುವ ವ್ಯತ್ಯಾಸವನ್ನು ವಾಹನದವನು ಚೆನ್ನಾಗಿ ತಿಳಿಸಿದನು. ಜಿಂಕೆ, ಕಡವೆಗಳ ಗಂಡಿಗೆ ಕವಲೊಡೆದ ಕೊಂಬು. ಅದು ಆಗಾಗ ಬಿದ್ದುಹೋಗಿ ಮರಳಿ ಬೆಳೆಯುವುದು. ಕೃಷ್ಣಮೃಗ, ನೀಲಗಾಯಿಗಳ ಕೊಂಬು ಕವಲೊಡೆಯದು, ಬೀಳುವುದೂ ಇಲ್ಲ. ಬಾಳಿನುದ್ದಕ್ಕೂ ಒಂದೇ ಕೊಂಬು. ಕೃಷ್ಣಮೃಗಗಳಲ್ಲಿ ಗಂಡು ಮಾತ್ರ ಕಪ್ಪು. ಹೆಣ್ಣೂ ಮರಿಗಳೂ ಕಂದು. ಈ ಮಾತುಗಳನ್ನು ನಾನು ಮನಸ್ಸಿನಲ್ಲಿ ಬರೆದುಕೊಳ್ಳುತ್ತಿರಲು, ಪುಟ್ಟಿಯ ಕಣ್ಣು ಒಂದು ಮರಿ ತಾಯಿಯ ಹೊಟ್ಟೆಯ ಕೆಳಗೆ ತಲೆ ತೂರಿಸಿ ಹಾಲು ಕುಡಿಯುತ್ತಿದ್ದುದರ ಮೇಲೆ ನೆಟ್ಟಿದ್ದಿತು. “ಅದು ಹಟ ಮಾಡುವುದಿಲ್ಲ” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಹುಲಿಯು ನೀರಿನ ತೊಟ್ಟಿಯ ಪಕ್ಕದಲ್ಲಿ ಮಲಗಿ ನಿದ್ರಿಸುತ್ತಿದ್ದಿತು. ವಾಹನದಲ್ಲಿದ್ದವರಲ್ಲಿ ಕೆಲವರು ಅದನ್ನು ಎಬ್ಬಿಸಲು ಸಿಳ್ಳು ಹಾಕಿದರು, ಕೈ ತಟ್ಟಿದರು. ಅದು ಒಂದು ಕಿವಿಯನ್ನು ಮಾತ್ರ ಅಲುಗಿಸಿತು. ಆಗ ಪುಟ್ಟಿಯು ತುಟಿಯ ಮೇಲೆ ಬೆರಳಿಟ್ಟು, “ಮಲಗಿದೆ, ಗದ್ದಲ ಮಾಡಬಾರದು” ಎಂದು ಗಟ್ಟಿಯಾಗಿಯೇ ಹೇಳಿದಳು. ದೊಡ್ಡವರು ನಾಚಿ ಸುಮ್ಮನಾದರು. ಮಧ್ಯಾಹ್ನ ಅವಳು ನಿದ್ರಿಸುತ್ತಿರುವಾಗ ನಾವು ಅಕ್ಕಪಕ್ಕದವರಿಗೆ ಹೇಳುವ ಮಾತೇ ಅದು. ಸಿಂಹವನ್ನೂ ನೋಡಿದೆವು. ಆದರೆ ನಾಲ್ಕು ವರುಷದ ಮಗುವಿಗೆ ಸಿಂಹವೂ ಅಳಿಲೂ ಸಮಾನವೆಂಬುದನ್ನು ವಾಚಕರಿಗೆ ತಿಳಿಸಬೇಕಾಗಿದೆ. ಇಳಿದು ಬಂದ ಮೇಲೆ ಅವಳು ಅರ್ಧ ಗಳಿಗೆ ಒಂದು ಅಳಿಲಿನ ಮುಂದೆ ಕುಳಿತುಬಿಟ್ಟಳು. ನಾವು ಅವಸರಪಡಿಸಲಿಲ್ಲ. ಹಣ ಕೊಟ್ಟು ಬಂದುದು ಹುಲಿಸಿಂಹಗಳಿಗಾಗಿ, ಮಗು ನೋಡುತ್ತಿರುವುದು ಮನೆಯ ಹಿತ್ತಲಿನಲ್ಲಿಯೇ ಇರುವ ಅಳಿಲನ್ನು ಎಂದು ದುಃಖಿಸುವ ತಂದೆತಾಯಿಗಳು ಈ ಒಂದು ಮಾತನ್ನು ನೆನೆಯಬೇಕು: ನೋಡುವುದನ್ನು ಕಲಿತ ಕಣ್ಣಿಗೆ ಹುಲಿಯು ಮುಂದೆಯೂ ದೊರೆತೀತು.

ಕೆರೆಯ ಬಳಿ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ನಾನು ಕರಡಿಯ ಹೆಸರನ್ನು ಎತ್ತಲಿಲ್ಲ. ಪುಟ್ಟಿಯು ಒಂದೂವರೆ ರೊಟ್ಟಿ ತಿಂದಳು. ಬಯಲು ಗಾಳಿಗೆ ಹಸಿವು ಹೆಚ್ಚುವುದೆಂದು ನಮ್ಮವರು ಹೇಳಿದರು. ಹೆದರಿಸುವವರಿಲ್ಲದಿದ್ದರೆ ಹಸಿವು ತಾನಾಗಿ ಬರುವುದೆಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ.

ದರೋಜಿಗೆ ಹೋಗಲು ಇನ್ನೂ ಹೊತ್ತಿದ್ದುದರಿಂದ, ಹತ್ತಿರದಲ್ಲಿಯೇ ಇರುವ ಹಂಪೆಯ ಅರಮನೆಯ ಆವರಣಕ್ಕೆ ಹೋದೆವು. ಹಜಾರರಾಮ ದೇವಾಲಯದ ಹೊರಗೋಡೆಯಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆಗಳ ಸಾಲು, ಅದರ ಮೇಲೆ ದಂಡಾಳುಗಳು, ಮತ್ತೆ ನರ್ತಕಿಯರು. ಗಜಶಾಲೆಯಲ್ಲಿ ಗುಮ್ಮಟಗಳುಳ್ಳ ಹನ್ನೊಂದು ಕೋಣೆಗಳು. 1443ರಲ್ಲಿ ಇಲ್ಲಿಗೆ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕನು ರಾಯರ ಆನೆಗಳನ್ನು ಕಂಡು ಬೆರಗಾಗಿ ಬರೆದಿಟ್ಟಿರುವನು. 1565ರ ಯುದ್ಧದ ಬಳಿಕ ಆನೆಗಳೂ ಹೋದವು, ಅರಸರೂ ಹೋದರು. ಪುಟ್ಟಿಯು ಹನ್ನೊಂದು ಕೋಣೆಗಳನ್ನೂ ಒಂದೊಂದಾಗಿ ಹೊಕ್ಕು ನೋಡಿ, “ಇಲ್ಲಿನ ಆನೆಗಳೆಲ್ಲ ಎಲ್ಲಿಗೆ ಹೋದವು?” ಎಂದು ಕೇಳಿದಳು. “ಊರಿಗೆ ಹೋದವು” ಎಂದು ಅವಳ ತಂದೆ ಹೇಳಿದರು. ಚರಿತ್ರೆಯನ್ನು ಆ ವಯಸ್ಸಿಗೆ ಅದಕ್ಕಿಂತ ಚೆನ್ನಾಗಿ ಹೇಳುವುದು ನನ್ನಿಂದಲೂ ಆಗುತ್ತಿರಲಿಲ್ಲ.

ಅಲ್ಲಿಂದ ಕಂಪ್ಲಿಯ ದಾರಿ ಹಿಡಿದು ದರೋಜಿಯ ಕರಡಿಧಾಮಕ್ಕೆ ಹೊರಟೆವು. ದರೋಜಿಯು ಸಂಡೂರು ತಾಲೂಕಿನ ಊರು. ಬುರ್ರಕಥೆಯ ಈರಮ್ಮನವರ ಊರೆಂದು ನಾಡಿಗೆಲ್ಲ ಪರಿಚಯ. ಈ ಪ್ರದೇಶವು 1994ರಲ್ಲಿ ಕರಡಿಗಳ ಅಭಯಾರಣ್ಯವೆಂದು ಘೋಷಿತವಾಯಿತು. ಈಗ ಅದರ ವಿಸ್ತಾರ ಸುಮಾರು 82 ಚದರ ಕಿಲೋಮೀಟರು. ಕಾಡೆಂದರೆ ಮಲೆನಾಡಿನಂತೆ ದಟ್ಟವಾದುದಲ್ಲ; ಕುರುಚಲು ಗಿಡ, ಬೋರೆ, ಸೀತಾಫಲ, ಮುಳ್ಳುಕಂಟಿ, ನಡುನಡುವೆ ಬಂಡೆಗಳ ಗುಡ್ಡ. ಆ ಬಂಡೆಗಳ ಸಂದಿಯ ಗವಿಗಳೇ ಕರಡಿಯ ಮನೆ. ಹಂಪೆಯನ್ನು ಕಟ್ಟಲು ಕಲ್ಲು ಕೊಟ್ಟ ಗುಡ್ಡಗಳ ಒಡಹುಟ್ಟಿದ ಗುಡ್ಡಗಳೇ ಕರಡಿಗೂ ಮನೆ ಕೊಟ್ಟಿವೆ.

ನಮ್ಮ ಕರಡಿಯು ವಿಚಿತ್ರವಾದ ಪ್ರಾಣಿ. ಅದರ ಮುಖ್ಯ ಆಹಾರ ಗೆದ್ದಲು, ಇರುವೆ, ಹಣ್ಣು, ಜೇನು. ಉದ್ದವಾದ ಬಾಗಿದ ಉಗುರುಗಳಿಂದ ಹುತ್ತವನ್ನು ಅಗೆದು, ಮೂತಿಯನ್ನು ಒಳಗಿಟ್ಟು, ಮೊದಲು ಮಣ್ಣನ್ನು ಊದಿ ತೆಗೆದು, ಬಳಿಕ ಗೆದ್ದಲನ್ನು ಒಳಕ್ಕೆ ಹೀರಿಕೊಳ್ಳುವುದು. ಈ ಕೆಲಸಕ್ಕೆ ಅನುಕೂಲವಾಗಲೆಂದೋ ಎಂಬಂತೆ ಅದರ ಮೇಲ್ದವಡೆಯ ಮುಂದಿನ ಎರಡು ನಡುಹಲ್ಲುಗಳು ಇರುವುದೇ ಇಲ್ಲ. ಮಣ್ಣು ಹೋಗದಂತೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಳ್ಳಲೂ ಬರುವುದು. ಮಗುವನ್ನು ಎತ್ತಿಕೊಂಡು ಹೋಗಿ ತಿನ್ನುವ ಪ್ರಾಣಿ ಇದಲ್ಲವೆಂಬುದನ್ನು ತಿಳಿದಾಗ ನನ್ನ ತಲೆ ತಾನಾಗಿ ಬಾಗಿತು. ಹಾಗೆಂದು ಕರಡಿಯು ಸಾಧುವೆಂದು ಯಾರೂ ಭಾವಿಸಬಾರದು. ಅದರ ದೃಷ್ಟಿ ಮಂದ. ನಸುಕಿನಲ್ಲೋ ಮುಸ್ಸಂಜೆಯಲ್ಲೋ ಹೊಲಕ್ಕೆ ಹೋದವನು ಅದಕ್ಕೆ ಅಕಸ್ಮಾತ್ತಾಗಿ ಎದುರಾದರೆ ಬೆದರಿ ಮೇಲೆ ಬೀಳುವುದು. ಆ ಗಾಯ ಘೋರವಾದುದು. ಕಾಡಿನ ಅಂಚಿನ ಹಳ್ಳಿಗಳ ರೈತರು ಅದಕ್ಕೆ ಹೆದರುವುದರಲ್ಲಿ ಅರ್ಥವುಂಟು. ಅನ್ನದ ತಟ್ಟೆಯ ಮುಂದೆ ಕುಳಿತ ಮಗುವಿನ ಹೆದರಿಕೆಯಲ್ಲಿ ಏನು ಅರ್ಥ?

ಒಂದು ಬಂಡೆಗುಡ್ಡದ ಎದುರಿಗೆ ವೀಕ್ಷಣಾಗೋಪುರವಿದೆ. ಕಾವಲಿನವನು ಮಧ್ಯಾಹ್ನವೇ ಬಂಡೆಗಳಿಗೆ ಬೆಲ್ಲದ ಪಾಕವನ್ನು ಬಳಿದು ಬಂದಿದ್ದನು. ಮೇಲೆ ಹತ್ತಿ ಕುಳಿತೆವು. ಮಾತಾಡಕೂಡದೆಂದು ಅವನು ತುಟಿಯ ಮೇಲೆ ಬೆರಳಿಟ್ಟು ತೋರಿಸಿದಾಗ, ಬೆಳಿಗ್ಗೆ ತಾನು ಮಾಡಿದ ಸನ್ನೆಯನ್ನೇ ಮತ್ತೊಬ್ಬರು ಮಾಡಿದರೆಂದು ಪುಟ್ಟಿಗೆ ಹಿಗ್ಗು. ಮೊದಲು ನವಿಲುಗಳು ಬಂದವು. ಒಂದು ಮುಂಗುಸಿ ಬಂದು ಪಾಕವನ್ನು ನೆಕ್ಕಿ ಓಡಿತು. ಅರ್ಧ ತಾಸು ಕಳೆಯಿತು. ಬಿಸಿಲು ಬಂಡೆಗಳ ಮೇಲೆ ಕೆಂಪಾಯಿತು.

ಆಮೇಲೆ, ಎರಡು ಬಂಡೆಗಳ ಸಂದಿಯಲ್ಲಿ ನೆರಳೇ ಎದ್ದು ನಡೆದಂತೆ, ಕರಡಿ ಹೊರಬಂದಿತು. ಕಪ್ಪು ಜಡೆಗೂದಲು, ಬಿಳಿ ಮೂತಿ, ತುಸು ತೂಗಾಡುವ ನಡಿಗೆ. ಪುಟ್ಟಿಯು ನನ್ನ ಕೊರಳನ್ನು ಬಿಗಿಯಾಗಿ ಅಪ್ಪಿ ಮುಖ ಮರೆಸಿಕೊಂಡಳು. ಅವಳ ಎದೆ ಹೊಡೆದುಕೊಳ್ಳುವುದು ನನ್ನ ಎದೆಗೆ ತಿಳಿಯುತ್ತಿದ್ದಿತು. ಕರೆದು ತಂದುದೇ ತಪ್ಪಾಯಿತೇನೋ ಎಂದು ನನಗೆ ಅನ್ನಿಸಿತು. ಅಷ್ಟರಲ್ಲಿ ಅತ್ತೆಯವರು ಬಹು ಮೆಲ್ಲಗೆ, “ಪುಟ್ಟೀ, ಅದರ ಬೆನ್ನ ಮೇಲೆ ನೋಡು” ಎಂದರು.

ಬೆನ್ನ ಮೇಲೆ ಎರಡು ಮರಿಗಳಿದ್ದವು. ತಾಯಿಯ ಹೆಗಲಿನ ಉದ್ದ ಕೂದಲನ್ನು ಉಗುರಿನಿಂದ ಬಿಗಿಹಿಡಿದು, ಒಂದರ ಹಿಂದೆ ಒಂದು, ಎತ್ತಿನ ಬಂಡಿಯಲ್ಲಿ ಕುಳಿತ ಮಕ್ಕಳಂತೆ ಕುಳಿತಿದ್ದವು. ತಾಯಿಯು ಬಂಡೆಯಿಂದ ಬಂಡೆಗೆ ಇಳಿಯುವಾಗ ಹಿಂದಿನದು ಜಾರಿತು. ಅದು ನಿಂತು, ಮರಿಯು ಮತ್ತೆ ಹತ್ತಿ ಕುಳಿತ ಮೇಲೆಯೇ ಮುಂದೆ ಹೆಜ್ಜೆಯಿಟ್ಟಿತು. ಮರಿಗಳನ್ನು ಹೀಗೆ ತಿಂಗಳುಗಟ್ಟಲೆ ಬೆನ್ನ ಮೇಲೆ ಹೊತ್ತು ತಿರುಗುವುದು ಕರಡಿಗಳ ಕುಲದಲ್ಲಿ ನಮ್ಮ ದೇಶದ ಈ ಕರಡಿಯ ವಿಶೇಷ ಗುಣವಂತೆ. ಪುಟ್ಟಿಯು ಒಂದು ಕಣ್ಣಿನಿಂದ ನೋಡಿದಳು. ಆಮೇಲೆ ಎರಡು ಕಣ್ಣುಗಳಿಂದಲೂ ನೋಡಿದಳು. ಆಮೇಲೆ ನನ್ನ ತೊಡೆಯಿಂದ ಇಳಿದು, ತಂದೆಯ ಹೆಗಲೇರಿ ಕುಳಿತು ನೋಡಿದಳು. ತಾನೂ ಹಾಗೆಯೇ ಕುಳಿತಿರುವೆನೆಂಬುದು ಅವಳಿಗೆ ಹೊಳೆದುದು ಅವಳ ನಗೆಯಿಂದ ತಿಳಿಯಿತು.

ಬಹಳ ಹೊತ್ತಿನ ಮೇಲೆ ಅವಳು ಅಜ್ಜಿಯ ಕಿವಿಗೆ ಬಾಗಿ ಕೇಳಿದಳು: “ಅಜ್ಜೀ, ಅದರ ಪಾಪು ಉಣ್ಣದಿದ್ದರೆ ಅದು ಯಾರ ಹೆಸರು ಹೇಳಿ ಹೆದರಿಸುತ್ತದೆ?”

ಅತ್ತೆಯವರು ಒಡನೆಯೇ ಉತ್ತರ ಕೊಡಲಿಲ್ಲ. ಮರಿಗಳನ್ನೇ ನೋಡುತ್ತ, “ನಮ್ಮ ಹೆಸರನ್ನೇ ಹೇಳುತ್ತದೆ, ಮಗಳೇ” ಎಂದರು.

ಹಿಂದಿರುಗುವಾಗ ಪುಟ್ಟಿಯು ಮೋಟಾರಿನಲ್ಲಿ ನಿದ್ರೆ ಹೋದಳು. ಆಗ ಅತ್ತೆಯವರು, ಇಷ್ಟು ವರುಷ ನಮಗಾರಿಗೂ ಹೇಳದಿದ್ದುದನ್ನು ಹೇಳಿದರು. ಕಂಪ್ಲಿಯ ಆ ಕರಡಿಯ ಮೂಗಿನಲ್ಲಿ ಹಗ್ಗವಿದ್ದಿತಂತೆ. ಕೂದಲು ಕೀಳುವಾಗ ಅದು ನರಳಿತಂತೆ. ಬೆನ್ನ ಮೇಲೆ ಕುಳಿತಿದ್ದ ಅವರಿಗೆ ಆ ನರಳಿಕೆಯು ಮೈಯೊಳಗೆಲ್ಲ ಹಾಯ್ದಂತಾಗಿ, ಅಂದು ರಾತ್ರಿ ಅನ್ನ ಸೇರಲಿಲ್ಲವಂತೆ. “ಭಯ ಹೋಗಿತ್ತೆಂದು ದೊಡ್ಡವರು ಹೇಳಿದರು; ನಾನೂ ಹಾಗೆಯೇ ನಂಬಿದೆ. ಅದರ ತಾಯಿ ಎಲ್ಲಿತ್ತೋ ಏನೋ” ಎಂದರು.

ಅದರ ತಾಯಿ ಎಲ್ಲಿತ್ತೆಂಬುದನ್ನು ಈಗ ಬಲ್ಲವರು ಬಲ್ಲರು. ಮರಿಯನ್ನು ಹಿಡಿಯಬೇಕಾದರೆ ತಾಯಿಯನ್ನು ಕೊಲ್ಲುವುದೇ ಆಗಿನ ಕ್ರಮವಾಗಿದ್ದಿತು. ಕಾಯಿಸಿದ ಸೂಜಿಯಿಂದ ಮರಿಯ ಮೂತಿಯನ್ನು ಚುಚ್ಚಿ ಹಗ್ಗ ಪೋಣಿಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇದನ್ನು ಅಪರಾಧವೆಂದು ಮಾಡಿತು. ಆದರೂ ಕಸಬು ನಿಂತುದು ಬಹುಕಾಲದ ಮೇಲೆ, ಖಲಂದರರಿಗೆ ಬೇರೆ ಜೀವನೋಪಾಯಗಳನ್ನು ಒದಗಿಸಿಕೊಟ್ಟಾಗ. ಹೊಟ್ಟೆಪಾಡಿಗಾಗಿ ಮಾಡುತ್ತಿದ್ದವರನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. ಕೂದಲು ಕೊಳ್ಳುವ ನಾವಿದ್ದುದರಿಂದ ಕೀಳುವ ಅವರಿದ್ದರು. ಬಿಡಿಸಿ ತಂದ ಕರಡಿಗಳಿಗಾಗಿ ಬೆಂಗಳೂರಿನ ಬಳಿಯ ಬನ್ನೇರುಘಟ್ಟದಲ್ಲಿ 2005ರಲ್ಲಿ ಒಂದು ಆಶ್ರಯವೂ ಏರ್ಪಟ್ಟಿತು.

ಇದೇ ಸೀಮೆಯನ್ನು ಕಿಷ್ಕಿಂಧೆಯೆನ್ನುತ್ತಾರೆ. ಹೊಳೆಯ ಆಚೆಗೆ ಆನೆಗುಂದಿಯ ಬಳಿ ಅಂಜನಾದ್ರಿ. ರಾಮಾಯಣದಲ್ಲಿ ಕಡಲನ್ನು ದಾಟಲು ಎಲ್ಲರೂ ಹಿಂಜರಿದು ನಿಂತಾಗ, ಹನುಮಂತನಿಗೆ ಅವನ ಶಕ್ತಿಯನ್ನು ನೆನಪಿಗೆ ತಂದು ಎಬ್ಬಿಸಿದವನು ಜಾಂಬವಂತ. ಅವನು ಕರಡಿಗಳ ಒಡೆಯ. ಧೈರ್ಯವನ್ನು ಹೇಳಿದ ಕುಲದ ಹೆಸರಿನಿಂದ ನಾವು ಮಕ್ಕಳಿಗೆ ಭಯವನ್ನು ಕಲಿಸುತ್ತೇವೆ. ಅತ್ತೆಯವರು ಈ ಮಾತನ್ನು ಎತ್ತಿ, “ಇನ್ನು ಅವಳಿಗೆ ಆ ಕಥೆಯನ್ನೇ ಹೇಳುವೆ” ಎಂದರು.

ಮನೆಗೆ ಬಂದ ಮೇಲೆ, ನಿದ್ರಿಸುತ್ತಿದ್ದ ಮಗುವಿನ ತೋಳಿನಿಂದ ತಾಯಿತವನ್ನು ಅವರೇ ಬಿಚ್ಚಿದರು. ನಾನು ಬಿಚ್ಚೆಂದು ಹೇಳಿರಲಿಲ್ಲ. ಅದು ಮತ್ತೆ ಹೊರಗೆ ಬರಲಿಲ್ಲ. ಪುಟ್ಟಿಯು ಅಂದು ರಾತ್ರಿ ಒಮ್ಮೆ ಎದ್ದಳು, ನೀರು ಕುಡಿದು, “ಕರಡಿ ಪಾಪು ಮಲಗಿತೇ?” ಎಂದು ಕೇಳಿ ಮಲಗಿದಳು. ಉಣ್ಣುವುದರಲ್ಲಿ ಅವಳ ಹಟ ಈಗಲೂ ಹಾಗೆಯೇ ಇದೆ. ಹಾಲು ಉಕ್ಕುವುದೂ, ಬಾಗಿಲಲ್ಲಿ ಕೂಗುವುದೂ ತಪ್ಪಿಲ್ಲ. ಆದರೆ ಹೆಸರು ಹೇಳಿ ಹೆದರಿಸುವುದನ್ನು ನಾನು ಬಿಟ್ಟಿದ್ದೇನೆ. ತಟ್ಟೆಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ಕುಳಿತುಕೊಳ್ಳುತ್ತೇನೆ.

ಈ ದಾರಿಯಲ್ಲಿ ಮಕ್ಕಳೊಡನೆ ಹೋಗುವವರಿಗೆ ಎರಡು ಮಾತು ಹೇಳಿ ಮುಗಿಸುವೆನು. ಬಿಸಿಲು ಪ್ರಬಲವಾದ ಸೀಮೆ. ಬೆಳಿಗ್ಗೆ ಬೇಗನೆ ಮೃಗಾಲಯವನ್ನು ನೋಡಿ, ನಡುಹಗಲನ್ನು ನೆರಳಿನಲ್ಲಿ ಕಳೆದು, ಇಳಿಹೊತ್ತನ್ನು ದರೋಜಿಗೆ ಉಳಿಸಿಕೊಳ್ಳಬೇಕು. ನೀರನ್ನು ಬೇಕಾದಷ್ಟು ಒಯ್ಯಬೇಕು; ಪ್ರಾಣಿಗಳಿಗೆ ತಿನಿಸನ್ನು ಎಸೆಯಲಾಗದು. ಕರಡಿಯು ಕಂಡೇ ಕಾಣುವುದೆಂಬ ಭರವಸೆಯನ್ನು ಯಾರೂ ಕೊಡಲಾರರು. ಕಾಣದಿದ್ದರೆ ನವಿಲು, ಮುಂಗುಸಿಗಳಿರುತ್ತವೆ, ಅವೂ ಇಲ್ಲದಿದ್ದರೆ ಅಳಿಲು ಇದ್ದೇ ಇರುವುದು. ಹೋಗುವ ಮುನ್ನ ಮನೆಯಲ್ಲಿ ಯಾವ ಪ್ರಾಣಿಯ ಹೆಸರಿನಿಂದ ಮಗುವನ್ನು ಹೆದರಿಸಿರುವೆವೆಂಬುದನ್ನು ಹಿರಿಯರು ಒಮ್ಮೆ ನೆನಪಿಗೆ ತಂದುಕೊಂಡು, ಆ ಪ್ರಾಣಿಯನ್ನು ಮಾತ್ರ ತೋರಿಸದೆ ಹಿಂದಿರುಗಬಾರದು.